ಗದಿಗೆಪ್ಪನ ಮೂರನೆಯ ಪ್ಯಾರಾ

ಮುಂಬಯಿಯ ಪರೇಲಿನ ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಗದಿಗೆಪ್ಪ ಆರು ವರ್ಷಗಳಿಂದ ಟೆಂಪರರಿ ಕಾರಕೂನ. ಆರು ವರ್ಷ ಒಂದೇ ಸಮನೆ ಟೆಂಪರರಿಯಾಗಿರುವುದು ಸಾಮಾನ್ಯರ ಕೈಯಲ್ಲಿ ಆಗುವ ಕೆಲಸವಲ್ಲ. ಅವನ ನಂತರ ಸೇರಿದವರು ಪರ್ಮನೆಂಟ್ ಆಗಿ, ಮದುವೆಯಾಗಿ, ಮಕ್ಕಳ ಜವಳ ತೆಗೆಸಿ ಪೇಢೆ ಹಂಚಿದ್ದರು. ಗದಿಗೆಪ್ಪ ಎಲ್ಲರ ಪೇಢೆಯನ್ನೂ ಮನಸಾರೆ ತಿಂದಿದ್ದ. ತಾನು ಹಂಚುವ ಪ್ರಸಂಗ ಮಾತ್ರ ಬಂದಿರಲಿಲ್ಲ, ಏಕೆಂದರೆ ನಡುವೆ ಕಂಪನಿಯ ಇಂಗ್ಲಿಷ್ ಪರೀಕ್ಷೆ ಅಡ್ಡ ನಿಂತಿತ್ತು.

ವರ್ಷಕ್ಕೊಮ್ಮೆ ನಡೆಯುವ ಆ ಪರೀಕ್ಷೆಯಲ್ಲಿ ಒಂದು ಪತ್ರ, ಒಂದು ಸಾರಾಂಶ, ಒಂದು ಪ್ರಬಂಧ. ಪತ್ರದಲ್ಲಿ ಗದಿಗೆಪ್ಪನನ್ನು ಮೀರಿಸುವವರಿರಲಿಲ್ಲ. ಅವನಿದ್ದ ವಠಾರದಂಥ ಚಾಳಿನ ಅರವತ್ತು ಒಂಟಿ ಕೋಣೆಯ ಖೋಲಿಗಳ ಅರ್ಜಿಗಳನ್ನೆಲ್ಲ ಬರೆದುಕೊಡುವವನು ಅವನೇ. ತೊಡಕಿದ್ದುದು ಪ್ರಬಂಧದಲ್ಲಿ. ಕೊಟ್ಟ ವಿಷಯದ ಎರಡೂ ಕಡೆಯ ಮಾತುಗಳನ್ನು ಸಮತೂಕವಾಗಿ ಹೇಳಿ, ಕೊನೆಗೆ ಸ್ವಂತ ಅಭಿಪ್ರಾಯ ಬರೆಯಬೇಕು. ಅರ್ಜಿ ಬರೆಯುವವನಿಗೆ ಇರುವುದು ಒಂದೇ ಕಡೆ. ನಳ ಸೋರುತ್ತದೆ ಎಂದರೆ ಸೋರುತ್ತದೆ. ನಳದ ಪರವಾಗಿ ಯಾರೂ ಎರಡು ಮಾತು ಬರೆಯುವುದಿಲ್ಲ.

ಪ್ರಬಂಧಕ್ಕೆ ಅಂಜಿ ಅವನು ಮೊದಮೊದಲು ಮೂರು ವರ್ಷ ಪರೀಕ್ಷೆಗೇ ಕೂಡಲಿಲ್ಲ. ಕೂತ ಮೊದಲ ವರ್ಷ 'ರೈಲು ಪ್ರಯಾಣ' ಎಂಬ ವಿಷಯ ಬಂದಾಗ ಗದಿಗೆಪ್ಪ 'ಮೋಸ್ಟ್ ರೆಸ್ಪೆಕ್ಟ್‌ಫುಲಿ ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ, ಲೋಕಲ್ ಗಾಡಿಯ ಗದ್ದಲವನ್ನು ಎರಡು ಪುಟ ತೋಡಿಕೊಂಡು, ಈ ಉಪಕಾರಕ್ಕಾಗಿ ಜೀವಮಾನವಿಡೀ ಋಣಿಯಾಗಿರುತ್ತೇನೆಂದು ಸಹಿ ಹಾಕಿದ್ದ. ಪರೀಕ್ಷಕರು ಕೆಂಪು ಶಾಯಿಯಲ್ಲಿ 'ಇದನ್ನು ರೈಲ್ವೆಯವರಿಗೆ ಕಳಿಸಿರಿ' ಎಂದು ಬರೆದರು. ಎರಡನೆಯ ವರ್ಷ ಸಿನೆಮಾದ ಲಾಭ ಹಾನಿಗಳ ವಿಷಯ ಬಂತು. ಆಗ ಸಿನೆಮಾವನ್ನು ಕೂಡಲೇ ನಿಲ್ಲಿಸಬೇಕೆಂದು ವಿನಂತಿಸಿ, ಕೆಳಗೆ ಪೊಲೀಸ್ ಕಮಿಷನರರಿಗೆ ಒಂದು ಪ್ರತಿ ಎಂದೂ ನಮೂದಿಸಿದ. ಈ ಸಲ ಪರೀಕ್ಷಕರು ಏನನ್ನೂ ಬರೆಯಲಿಲ್ಲ, ಸೊನ್ನೆಯನ್ನು ಮಾತ್ರ ಸ್ವಲ್ಪ ದೊಡ್ಡದಾಗಿ ಹಾಕಿದರು.

ಹೀಗೇ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಅಷ್ಟರಲ್ಲಿ ಬೈಲಹೊಂಗಲದ ಸೋದರಮಾವ ಪತ್ರ ಬರೆದು ಒಂದು ಸಂಬಂಧ ತಂದ. ವಿಜಾಪುರದ ಕಡೆಯ ಬಸವಂತಪ್ಪ ಎಂಬವರು ಇಲ್ಲೇ ಮುಂಬಯಿಯ ಸಯನ್‌ನಲ್ಲಿ ಕಾಳಿನ ಅಂಗಡಿ ಇಟ್ಟಿದ್ದಾರೆ, ಅವರ ಮಗಳು ರಾಚವ್ವ ಮ್ಯಾಟ್ರಿಕ್ ಪಾಸಾಗಿದ್ದಾಳೆ. ಹುಡುಗ ಪರೀಕ್ಷೆ ಪಾಸಾಗಿ ಪರ್ಮನೆಂಟ್ ಆಗಬೇಕು, ಚಾಳಿನಲ್ಲಿ ವಿಚಾರಿಸಿದಾಗ ಒಳ್ಳೆಯ ಮಾತು ಕೇಳಿಬರಬೇಕು, ಇವು ಹೆಣ್ಣಿನ ತಂದೆಯ ಎರಡು ಕರಾರುಗಳು. ಪತ್ರದ ಜೊತೆ ಒಂದು ಫೋಟೊ ಇತ್ತು. ಅದರಲ್ಲಿ ರಾಚವ್ವ ಕ್ಯಾಮೆರಾದವನನ್ನು 'ಇನ್ನೂ ಎಷ್ಟು ಹೊತ್ತು?' ಎಂದು ಕೇಳುವಂತೆ ನೆಟ್ಟಗೆ ನೋಡುತ್ತಿದ್ದಳು. ಗದಿಗೆಪ್ಪನಿಗೆ ಆ ನೋಟ ಬಹಳ ಹಿಡಿಸಿತು. ಫೋಟೊವನ್ನು ವ್ಯಾಕರಣದ ಪುಸ್ತಕದಲ್ಲಿಟ್ಟ. ಅಂದಿನಿಂದ ವ್ಯಾಕರಣದ ಆ ಒಂದು ಪುಟ ಅವನಿಗೆ ಬಾಯಿಪಾಠವಾಯಿತು, ಉಳಿದವು ಆಗಲಿಲ್ಲ.

ಬದಲಿಗೆ ಕಳಿಸಿದ ತನ್ನ ಫೋಟೊದಲ್ಲಿ ಗದಿಗೆಪ್ಪ ಸ್ಟುಡಿಯೋದವರ ಕೋಟು, ಸ್ಟುಡಿಯೋದವರ ರುಮಾಲು ಧರಿಸಿ, ಸ್ಟುಡಿಯೋದವರ ಹೂದಾನಿಯ ಮೇಲೆ ಕೈಯಿಟ್ಟು ಯಾವುದೋ ಸಂಸ್ಥಾನದ ದಿವಾನನಂತೆ ನಿಂತಿದ್ದ. ಹೆತ್ತ ತಾಯಿಯೂ ಆ ಫೋಟೊ ನೋಡಿ ಯಾರೆಂದು ಕೇಳಿದ್ದಳು.

ಪ್ರಬಂಧ ಕಲಿಯಲು ಅವನು ಹಿಡಿದ ಗುರು ಮೋನಪ್ಪ. ಉಡುಪಿ ಕಡೆಯವರು, ಗಿರಣಿಯ ಎದುರಿನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವವರು. ದಿನವೂ ಇಂಗ್ಲಿಷ್ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಅವರು ಒಂದು ಇಡ್ಲಿ ತರಿಸಿ ಗದಿಗೆಪ್ಪನ ಮುಂದಿಟ್ಟರು.

"ನೋಡಿ ಮಾರಾಯ್ರೆ, ಇದೇ ವಿಷಯ ಅಂತ ತಿಳ್ಕೊಳ್ಳಿ. ಮೊದಲ ಪ್ಯಾರಾ, ಒಳ್ಳೇದು ಎಂತ ಉಂಟು?"

"ಮೆತ್ತಗೈತ್ರಿ."

"ಆಯ್ತು. ಎರಡನೇ ಪ್ಯಾರಾ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ?"

"ಭಾಳ ಸಣ್ಣದೈತ್ರಿ."

ಮೋನಪ್ಪನವರ ಮುಖ ಒಂದು ಕ್ಷಣ ಬಿಗಿಯಾಯಿತು. ಆದರೂ ಗುರುವಿನ ಧರ್ಮ ಬಿಡಲಿಲ್ಲ. "ಇರ್ಲಿ. ಈಗ ಮೂರನೇ ಪ್ಯಾರಾ. ನಿಮ್ಮ ಸ್ವಂತ ಅಭಿಪ್ರಾಯ. ಇಡ್ಲಿ ತಿನ್ಬೇಕೋ ಬೇಡ್ವೋ?"

ಗದಿಗೆಪ್ಪ ಇಡ್ಲಿಯನ್ನು ನೋಡಿದ, ಮೋನಪ್ಪನವರನ್ನು ನೋಡಿದ, ಮತ್ತೆ ಇಡ್ಲಿಯನ್ನು ನೋಡಿದ. "ಎರಡೂ ಕಡೆ ಖರೆ ಐತ್ರಿ" ಎಂದ.

"ಅದು ಅಭಿಪ್ರಾಯ ಅಲ್ಲ ಮಾರಾಯ್ರೆ. ಯಾವ್ದಾದ್ರೂ ಒಂದು ಹೇಳ್ಬೇಕು. ಅದನ್ನು ಹೇಳದಿದ್ರೆ ಮೊದಲಿನ ಎರಡು ಪ್ಯಾರಾ ಬರೆದದ್ದು ದಂಡ."

ಅಭ್ಯಾಸವಾಗಲೆಂದು ಕಣ್ಣಿಗೆ ಬಿದ್ದ ಪ್ರತಿಯೊಂದರ ಎರಡು ಕಡೆಯನ್ನೂ ಹೇಳುತ್ತಾ ಹೋಗಿ ಎಂದು ಮೋನಪ್ಪ ಅಪ್ಪಣೆ ಕೊಟ್ಟರು. ಗದಿಗೆಪ್ಪ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಮೂರು ವಾರಗಳಲ್ಲಿ ಟ್ರಾಮಿನ ಎರಡು ಕಡೆ, ಮಳೆಯ ಎರಡು ಕಡೆ, ಹೆಡ್‌ಕ್ಲಾರ್ಕ್ ಸಾಹೇಬರ ಎರಡು ಕಡೆ ಎಲ್ಲವನ್ನೂ ನೋಡಿದ. ಪಕ್ಕದ ಖೋಲಿಯ ಅಂಬವ್ವ ಅಗಸಿ ಚಟ್ನಿ ಕೊಟ್ಟು ಹೆಂಗೈತೋ ತಮ್ಮಾ ಎಂದು ಕೇಳಿದಾಗ ಅದರದೂ ಎರಡು ಕಡೆ ಹೇಳಿದ. ಮುಂದೆ ನಾಲ್ಕು ದಿನ ಅಂಬವ್ವನ ಮನೆಯಿಂದ ರೊಟ್ಟಿ ಬರಲಿಲ್ಲ. ಮೂರನೆಯ ಪ್ಯಾರಾ ಮಾತ್ರ ಅವನಿಗೆ ಒಮ್ಮೆಯೂ ಒಲಿಯಲಿಲ್ಲ. ಅಲ್ಲಿಗೆ ಬರುತ್ತಿದ್ದಂತೆ ಅವನ ತಲೆ ಮುಂದಿನ ನಿಲ್ದಾಣ ಯಾವುದೆಂದು ತಿಳಿಯದ ಪ್ರಯಾಣಿಕನಂತೆ ಬಾಗಿಲಲ್ಲಿ ನಿಂತುಬಿಡುತ್ತಿತ್ತು.

ಇತ್ತ ಚಾಳಿನಲ್ಲಿ ಬೇರೆಯೇ ಒಂದು ಪರೀಕ್ಷೆಯ ತಯಾರಿ ನಡೆದಿತ್ತು. ಬಸವಂತಪ್ಪ ವಿಚಾರಣೆಗೆ ಭಾನುವಾರ ಬರುತ್ತಾರೆಂದು ಸುದ್ದಿ ಬಂದಿತ್ತು. ಚಾಳ ಕಮಿಟಿಯ ಚೇರ್ಮನ್ ಶೆಟ್ಟೆಪ್ಪ ಇಂಥ ವಿಷಯದಲ್ಲಿ ನುರಿತವನು. ಚಾಳಿನ ಏಳು ವರಗಳನ್ನು ದಡ ಮುಟ್ಟಿಸಿದವನು. ಅವರಲ್ಲಿ ಇಬ್ಬರಂತೂ ಯಾರ ಕೈಯಲ್ಲೂ ದಡ ಸೇರುವಂಥವರಾಗಿರಲಿಲ್ಲ. ಅವನು ಗದಿಗೆಪ್ಪನ ಖೋಲಿಯ ಮುಂದಿನ ಉದ್ದ ಗ್ಯಾಲರಿಯ ಒಂಬತ್ತು ಮನೆಗಳಿಗೂ ಹೋಗಿ, ಕೇಳಿದವರಿಗೆ ಏನು ಹೇಳಬೇಕೆಂದು ಪಾಠ ಒಪ್ಪಿಸಿಕೊಂಡ. "ಹುಡುಗ ಬಂಗಾರ. ಚಟ ಇಲ್ಲ. ಚಹಾನೂ ಅಷ್ಟಕ್ಕಷ್ಟ." ಗದಿಗೆಪ್ಪ ದಿನಕ್ಕೆ ಏಳು ಕಪ್ ಚಹಾ ಕುಡಿಯುತ್ತಿದ್ದ. ಆದರೆ ಮದುವೆಯ ಮಾತಿನಲ್ಲಿ ಅಷ್ಟೆಲ್ಲ ನೋಡುವ ಪದ್ಧತಿಯಿಲ್ಲ.

ಬಸವಂತಪ್ಪನವರೂ ಕಾಳಿನ ವ್ಯಾಪಾರಿಯೇ. ಚೀಲದ ಬಾಯಿಗೆ ಒಳ್ಳೆಯ ಕಾಳು ಹಾಕಿರುತ್ತಾರೆಂದು ಬಲ್ಲವರು. ಭಾನುವಾರ ಎಂದು ಹೇಳಿಕಳಿಸಿ ಶನಿವಾರ ಮಧ್ಯಾಹ್ನವೇ ಬಂದುಬಿಟ್ಟರು.

ಆ ಹೊತ್ತಿಗೆ ಗದಿಗೆಪ್ಪ ಗ್ಯಾಲರಿಯ ಮೊಳೆಗೆ ಕನ್ನಡಿ ತೂಗುಹಾಕಿ, ಕಿವಿಯಿಂದ ಕಿವಿಯವರೆಗೆ ಸಾಬೂನಿನ ನೊರೆ ಬಳಿದುಕೊಂಡು, ಹರಕು ಬನಿಯನ್‌ನಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದ. ಅವರ ಜನರಲ್ಲಿ ಶನಿವಾರ ದಾಡಿ ಮಾಡಿಕೊಳ್ಳುವಂತಿಲ್ಲ. ಆದರೆ ಮರುದಿನ ಬರುವವರಿಗಾಗಿ ಮುಖ ತಯಾರಿರಲಿ ಎಂದು ಅವನು ಅಕ್ಕಪಕ್ಕ ನೋಡಿ, ಯಾರೂ ಇಲ್ಲದ ಹೊತ್ತಿನಲ್ಲಿ ಕೂತಿದ್ದ.

"ಯಜಮಾನ್ರ, ಹದಿನಾಲ್ಕನೇ ಖೋಲ್ಯಾಗ ಗದಿಗೆಪ್ಪ ಅಂತ ಒಬ್ಬಾಂವ ಇರ್ತಾನಂತ. ಪರಿಚಯ ಐತೇನ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕನ್ನಡಿಯಲ್ಲಿ ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ, ದಪ್ಪ ಮೀಸೆ ಕಂಡವು. ಮಾವ ಬರೆದಿದ್ದ ವರ್ಣನೆ ಸರಿಯಾಗಿ ಹೊಂದುತ್ತಿತ್ತು. ನಾನೇ ಗದಿಗೆಪ್ಪ ಎಂದರೆ ಮುಗಿಯಿತು. ಹರಕು ಬನಿಯನ್, ಶನಿವಾರದ ದಾಡಿ, ಮೇಲಾಗಿ ವಿಚಾರಣೆಗೆ ಬಂದವರು ವರನ ಕಣ್ಣಿಗೇ ಬೀಳುವುದು. ಇದಕ್ಕಿಂತ ದೊಡ್ಡ ಅಪಶಕುನವಿಲ್ಲ. ಅವನು ನೊರೆಯ ಮೇಲೆ ಇನ್ನಷ್ಟು ನೊರೆ ಬಳಿದುಕೊಂಡ.

"ಐತ್ರಿ."

"ಎಷ್ಟು ವರ್ಷದಿಂದ?"

"ಅಂವ ಸಣ್ಣಾಂವ ಇದ್ದಾಗಿಂದ್ರಿ."

"ಹಂಗಂದ್ರ ಒಂದೇ ಊರಿನವರು."

"ಒಂದೇ ಮನಿ ಅನ್ರಿ."

ಅಲ್ಲಿಯ ತನಕ ಗದಿಗೆಪ್ಪ ಒಂದೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಬಸವಂತಪ್ಪ ಹಿಗ್ಗಿದರು. ಇಷ್ಟು ಹತ್ತಿರದವನು ಮೆಟ್ಟಿಲು ಹತ್ತುತ್ತಲೇ ಸಿಕ್ಕುವುದು ಅಪರೂಪ. ಕೊಡೆಯನ್ನು ಕಂಬಕ್ಕೆ ಆನಿಸಿ, "ನಡತಿ ಹೆಂಗ್ರಿ?" ಎಂದರು.

"ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗ್ತಾನ. ಯಾರ ಉಸಾಬರಿಗೂ ಹೋಗಂಗಿಲ್ಲ. ಚಾಳಿನವರ ಅರ್ಜಿ ಎಲ್ಲಾ ಪುಕ್ಕಟೆ ಬರದುಕೊಡ್ತಾನ."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೊದಲ ಪ್ಯಾರಾ ಮುಗಿದಿತ್ತು. ಮೂರು ವಾರಗಳಿಂದ ಅದು ಮುಗಿದ ಕೂಡಲೇ ಏನು ಬರುತ್ತಿತ್ತೋ ಅದೇ ಈಗಲೂ ಬಂತು.

"ಆದ್ರ ಇನ್ನೊಂದ್ ಕಡಿಂದ ನೋಡಿದ್ರ," ಎಂದ ಗದಿಗೆಪ್ಪ.

"ಇನ್ನೊಂದ್ ಕಡೆ ಐತೇನು?" ಬಸವಂತಪ್ಪ ಟೊಪ್ಪಿಗೆ ಸರಿಮಾಡಿಕೊಂಡರು.

"ಅದ್ಹೆಂಗ ಇರೂದಿಲ್ರಿ? ಮರೆವು ಭಾಳ ಅವಂಗ. ಸಯನ್‌ಗೆ ಹೋಗ್ತೀನಂತ ಗಾಡಿ ಹತ್ತಿ ಊರ ಆ ತುದಿ ದಹಿಸರದಾಗ ಇಳದಾನ. ಚಹಾ ದಿನಕ್ಕ ಏಳು. ಅಂವ ಮಾಡಿದ ಅಡಿಗಿ ಅಂವಗೂ ಸೇರೂದಿಲ್ಲ. ಮುಂಜಾನೆ ಎದ್ದ ಮ್ಯಾಲೆ ಒಂದು ತಾಸು ಯಾರ ಕೂಡಾನೂ ಮಾತಾಡಂಗಿಲ್ಲ. ಇಂಗ್ಲಿಷ್ ಪರೀಕ್ಷಾದಾಗ ಎರಡು ಸಲ ನಪಾಸ್."

"ಎರಡು? ಅವರ ಮಾವ ಒಂದೇ ಸಲ ಅಂದಿದ್ರಲ್ರಿ."

"ಎರಡ್ರಿ. ಎರಡನೇದ್ರಾಗ ಸೊನ್ನೆ." ಗದಿಗೆಪ್ಪನ ಒಳಗಿನ ಇನ್ನೊಬ್ಬ ಗದಿಗೆಪ್ಪ ಬಾಯಿ ಮುಚ್ಚೋ ಎಂದು ಕೂಗುತ್ತಿದ್ದ, ಆದರೆ ಪ್ಯಾರಾ ಅರ್ಧಕ್ಕೆ ಬಿಡುವುದು ಅವನಿಂದಾಗಲಿಲ್ಲ. "ಎಲ್ಲಾಕ್ಕಿಂತ ದೊಡ್ಡ ಐಬು ಅಂದ್ರ, ಯಾವ ಮಾತಿಗೂ ಹೂಂ ಅನ್ನಂಗಿಲ್ಲ, ಊಹೂಂನೂ ಅನ್ನಂಗಿಲ್ಲ."

ಬಸವಂತಪ್ಪ ಕಂಬಕ್ಕೆ ಆನಿಸಿದ್ದ ಕೊಡೆಗೆ ಕೈ ಹಾಕಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ನೀವು ಇಷ್ಟು ಬಲ್ಲಾವ್ರು. ನಿಮ್ಮ ಮಗಳಿದ್ರ ಅವಂಗ ಕೊಡ್ತಿದ್ರೇನು?"

ಅದು ಮೂರನೆಯ ಪ್ಯಾರಾ. ಗದಿಗೆಪ್ಪ ಬಾಯಿ ತೆರೆದ. ಸ್ವಲ್ಪ ಸಾಬೂನು ಒಳಗೆ ಹೋಯಿತು. ವ್ಯಾಕರಣದ ಪುಸ್ತಕದ ಆ ಮುಖ ಕಣ್ಣ ಮುಂದೆ ಬಂತು. ಹೂಂ ಎನ್ನಲು ಅವನ ಜೀವವೆಲ್ಲ ಹಾತೊರೆಯಿತು. "ಎರಡೂ ಕಡೆ ಐತ್ರಿ" ಎಂದ.

ಬಸವಂತಪ್ಪ ಕೊಡೆ ತೆಗೆದುಕೊಂಡು ಮುಂದಿನ ಬಾಗಿಲಿಗೆ ಹೋದರು.

ಒಂಬತ್ತು ಮನೆಗಳಲ್ಲಿಯೂ ಹುಡುಗ ಬಂಗಾರ, ಚಟ ಇಲ್ಲ, ಚಹಾನೂ ಅಷ್ಟಕ್ಕಷ್ಟ ಎಂಬ ಉತ್ತರ ಬಂತು. ಕಿವಿ ಕೇಳದ ಒಬ್ಬ ಮುದುಕಿಯಂತೂ ಅವರು ಪ್ರಶ್ನೆ ಕೇಳುವ ಮೊದಲೇ ಹೇಳಿಬಿಟ್ಟಳು. ಕೊನೆಗೆ ಶೆಟ್ಟೆಪ್ಪನ ಮನೆಯಲ್ಲಿ ನೀರು ಕುಡಿದ ಬಸವಂತಪ್ಪ, "ನಿಮ್ಮ ಗ್ಯಾಲರ್‍ಯಾಗ ಒಬ್ಬರು ಬ್ಯಾರೆ ಮಾತು ಹೇಳಿದ್ರಲ್ಲ, ಮುಖಕ್ಕ ಸಾಬಾಣ ಹಚ್ಚಿಕೊಂಡಾಂವ" ಎಂದು ಎಲ್ಲವನ್ನೂ ಒಪ್ಪಿಸಿ, ಸಪ್ಪಗೆ ಮೆಟ್ಟಿಲಿಳಿದು ಹೋದರು.

ಶೆಟ್ಟೆಪ್ಪನ ಮೈಯೆಲ್ಲ ಉರಿಯಿತು. ಏಳು ವರಗಳ ಕೀರ್ತಿ ಒಬ್ಬ ಸಾಬಾಣದವನಿಂದ ಮಣ್ಣುಪಾಲಾಯಿತು. "ನಮ್ಮ ಚಾಳಿನ್ಯಾಗ ಒಬ್ಬ ದ್ರೋಹಿ ಅದಾನ. ಶನಿವಾರ ದಾಡಿ ಮಾಡ್ಕೊಳ್ಳಾಂವ ಇನ್ನ ಏನ್ ಮಾಡಾಕೂ ಹೇಸಂಗಿಲ್ಲ" ಎಂದು ಗ್ಯಾಲರಿಯಲ್ಲಿ ನಿಂತು ಸಾರಿದ. ಅರ್ಧ ಗಂಟೆಯಲ್ಲಿ ಸುದ್ದಿ ಅರವತ್ತು ಖೋಲಿಗಳನ್ನೂ ಮುಟ್ಟಿತು. ಅಂಬವ್ವ ಚಟ್ನಿಯ ಸಿಟ್ಟನ್ನು ಮರೆತು ಎಂಟು ರೊಟ್ಟಿ ತಂದುಕೊಟ್ಟು, "ಯಾವ ಹೊಟ್ಟಿಕಿಚ್ಚಿನಾಂವ ನಿನ್ನ ಮದಿವಿ ಮುರದಾನೋ, ಅವನ ಬಾಯಾಗ ಹುಳ ಬೀಳ್ಲಿ" ಎಂದು ಕಣ್ಣೊರೆಸಿಕೊಂಡಳು.

"ಅತ್ತೀ, ಅಂವಾ..." ಎಂದ ಗದಿಗೆಪ್ಪ.

"ನೀ ಅವನ ಪರವಾಗಿ ಮಾತಾಡಬ್ಯಾಡ. ನಿಂದು ಭಾಳ ಮೆತ್ತನ ಮನಸ" ಎಂದಳು ಅಂಬವ್ವ.

ಮರುದಿನ ಶೆಟ್ಟೆಪ್ಪ ಪೊಲೀಸ್ ಚೌಕಿಗೆ ಅರ್ಜಿ ಕೊಡುವುದೆಂದು ನಿರ್ಧರಿಸಿದ. ಚಾಳಿನಲ್ಲಿ ಅರ್ಜಿ ಬರೆಯುವವನು ಒಬ್ಬನೇ. ತನ್ನ ಮೇಲೆ ತಾನೇ ತಕರಾರು ಬರೆಯುವ ಯೋಗ ಗದಿಗೆಪ್ಪನಿಗೆ ಒದಗಿತು. ಶೆಟ್ಟೆಪ್ಪ ಪಕ್ಕದಲ್ಲೇ ಕೂತು "ಛಲೋತ್ನ್ಯಾಗಿ ಖಾರಾ ಹಾಕಿ ಬರಿ" ಎನ್ನುತ್ತಿದ್ದ. ಗದಿಗೆಪ್ಪ ಖಾರ ಹಾಕಿಯೇ ಬರೆದ, ಆದರೆ ಆಮೇಲೆ ಎರಡನೆಯ ಪ್ಯಾರಾ ಬಂತು. ಇಂಗ್ಲಿಷ್ ಬಾರದ ಶೆಟ್ಟೆಪ್ಪ ಕಾಗದದ ಉದ್ದ ನೋಡಿಯೇ ತೃಪ್ತನಾಗಿ, ಗದಿಗೆಪ್ಪನನ್ನೂ ಎಳೆದುಕೊಂಡು ಚೌಕಿಗೆ ಹೋದ.

ಅಲ್ಲಿಯ ಜಮಾದಾರ ಸೊಲ್ಲಾಪುರದವನು, ಕನ್ನಡ ಬಲ್ಲವನು, ಇಂಗ್ಲಿಷನ್ನೂ ಬೆರಳಿಟ್ಟುಕೊಂಡು ಓದುತ್ತಿದ್ದ. ಓದುತ್ತಾ ಅವನ ಹುಬ್ಬು ಮೇಲೇರಿತು.

"ಏನ್ ಹೋ ಶೆಟ್ಟೆಪ್ಪಾ, ಮ್ಯಾಲಿನ ಭಾಗದಾಗ ಸದರಿ ಮನುಷ್ಯಾನ್ನ ಹಿಡದು ಒಳಗ ಹಾಕ್ರಿ ಅಂದೀರಿ. ಕೆಳಗ, ಇನ್ನೊಂದು ಕಡೆಯಿಂದ ನೋಡಿದರೆ ಸದರಿ ಮನುಷ್ಯ ಹೇಳಿದ್ದೆಲ್ಲಾ ಖರೆ ಇರಬಹುದು, ಅವನಿಗೂ ಮನೆಯಲ್ಲಿ ಯಾರೂ ಇಲ್ಲ, ಪಾಪದವನು ಅಂತ ಬರದೀರಿ. ಈಗ ನಾ ಏನ್ ಮಾಡ್ಲಿ, ಹಿಡೀಲೋ ಬಿಡ್ಲೋ?"

ಶೆಟ್ಟೆಪ್ಪ ಗದಿಗೆಪ್ಪನ ಕಡೆ ತಿರುಗಿದ. ಗದಿಗೆಪ್ಪ ಚೌಕಿಯ ಗೋಡೆಯ ಕಡೆ ತಿರುಗಿದ್ದ.

"ಪರೀಕ್ಷಾದ ತಯಾರಿ ನಡದೈತ್ರಿ ಸಾಹೇಬ್ರ, ತಲಿ ನೆಟ್ಟಗಿಲ್ಲ" ಎಂದು ಶೆಟ್ಟೆಪ್ಪ ಕಾಗದ ಕಸಿದುಕೊಂಡು ಹೊರಬಿದ್ದ. ಇನ್ನು ಸರ್ಕಾರವನ್ನು ನಂಬಿದರೆ ಆಗದೆಂದು ತಪಾಸಣೆಯನ್ನು ತಾನೇ ಕೈಗೆತ್ತಿಕೊಂಡ. ಶನಿವಾರ ಯಾರ ಗಲ್ಲ ನುಣ್ಣಗಿತ್ತು ಎಂದು ಮನೆಮನೆಗೆ ಹೋಗಿ ಕೇಳಿದ. ಗದಿಗೆಪ್ಪನ ಗಲ್ಲ ನೋಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಶುಕ್ರವಾರದ ಹೊತ್ತಿಗೆ ಅಪರಾಧಿ ಸಿಕ್ಕೇಬಿಟ್ಟ. ಹನ್ನೊಂದನೆಯ ಖೋಲಿಯ ಕಾಶಪ್ಪ ಭಾನುವಾರ ಬೆಳಿಗ್ಗೆ ಮದುವೆಗೆ ಹೋಗಬೇಕಿದ್ದರಿಂದ ಶನಿವಾರವೇ ದಾಡಿ ಮಾಡಿಕೊಂಡದ್ದನ್ನು ಅವನ ಹೆಂಡತಿಯೇ ಅರಿಯದೆ ಒಪ್ಪಿಕೊಂಡಿದ್ದಳು.

ಶನಿವಾರ ಸಂಜೆ ಕಮಿಟಿ ಕೂಡಿತು. ಗ್ಯಾಲರಿ ಕಿಕ್ಕಿರಿದಿತ್ತು. ಕಾಶಪ್ಪ ಸಾಧು ಮನುಷ್ಯ, ಮಾತು ಕಡಿಮೆ. ಎಲ್ಲರೂ ಒಟ್ಟಿಗೆ ಬೈಯುವಾಗ ಅವನು ಮದುವೆಯ ಕರೆಯೋಲೆಯನ್ನು ಎತ್ತಿ ತೋರಿಸುತ್ತಿದ್ದ, ಯಾರೂ ನೋಡುತ್ತಿರಲಿಲ್ಲ. ನಾಳೆಯಿಂದ ನಳದ ಹತ್ತಿರ ಕಾಶಪ್ಪನ ಮನೆಯವರ ಪಾಳಿ ಬಂದ್ ಎಂದು ಶೆಟ್ಟೆಪ್ಪ ತೀರ್ಪು ಕೊಟ್ಟ. ಕಾಶಪ್ಪನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗದಿಗೆಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಕಾಶಪ್ಪನ ವಿಷಯಕ್ಕೆ ಎರಡು ಕಡೆ ಇರಲಿಲ್ಲ. ಅವನು ಜೀವಮಾನದಲ್ಲಿ ಮೊದಲ ಸಲ ಮೊದಲೆರಡು ಪ್ಯಾರಾ ಬಿಟ್ಟು ನೇರ ಮೂರನೆಯದಕ್ಕೆ ಬಂದ.

"ಸಾಬಾಣ ಹಚ್ಚಿಕೊಂಡಾಂವ ಕಾಶಪ್ಪ ಅಲ್ಲ. ನಾನು" ಎಂದ.

ಬೈಯುತ್ತಿದ್ದವರೆಲ್ಲ ಅವನ ಕಡೆ ತಿರುಗಿದರು.

"ಅಂದ್ರ, ನಿನ್ನ ಬಗ್ಗೆ ಹೇಳಿದಾಂವ ನೀನೇ?" ಎಂದ ಶೆಟ್ಟೆಪ್ಪ.

"ಹೌದು, ನಾನೇ. ಒಳ್ಳೇದೂ ಹೇಳಿದೆ, ಕೆಟ್ಟದ್ದೂ ಹೇಳಿದೆ."

ಶೆಟ್ಟೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಕಣ್ಣು ಒದ್ದೆಯಾಯಿತು. "ನೋಡ್ರಿ, ನೋಡ್ರಿ ಮನಷ್ಯಾನ್ನ. ತನ್ನ ಮದಿವಿ ಮುರದಾವ್ನ ಉಳಸಾಕ ತನ್ನ ತಲಿಮ್ಯಾಲೆ ಹಾಕ್ಕೊಳ್ಳಾಕತ್ತಾನ. ಇಂಥ ದೊಡ್ಡ ಮನಸ ಎಲ್ಲಿ ಸಿಗತೈತಿ?" ಅಂಬವ್ವ ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕಾರು ಜನ ಗದಿಗೆಪ್ಪನ ಬೆನ್ನು ಚಪ್ಪರಿಸಿದರು. ಅವನು ಇಲ್ಲಪ್ಪ, ಖರೆನೇ ನಾನು ಎಂದಷ್ಟೂ ಅವನ ಹಿರಿಮೆ ಹೆಚ್ಚುತ್ತಾ ಹೋಯಿತು. ಕಡೆಗೆ ಅವನ ಮುಖ ನೋಡಿ ಕಾಶಪ್ಪನನ್ನು ಕ್ಷಮಿಸಲಾಯಿತು, ನಳದ ಪಾಳಿಯೂ ಉಳಿಯಿತು. ಮಾಡದ ತಪ್ಪಿಗೆ ಕ್ಷಮೆ ಪಡೆದ ಕಾಶಪ್ಪ ಸಭೆ ಮುಗಿದ ಮೇಲೆ ಹತ್ತಿರ ಬಂದು, "ಖರೆ ಹೇಳು, ನೀನೇ ಅಲ್ಲ?" ಎಂದು ಮೆಲ್ಲಗೆ ಕೇಳಿದ. ಹೌದು ಎಂದು ಗದಿಗೆಪ್ಪ ತಲೆಯಾಡಿಸಿದ. ನಂಬಿದವನು ಅವನೊಬ್ಬನೇ.

ಚಾಳಿನವರು ನಂಬದಿದ್ದರೆ ಬೇಡ, ನಂಬಬೇಕಾದವರು ಸಯನ್‌ನಲ್ಲಿದ್ದಾರೆ ಎಂದು ಗದಿಗೆಪ್ಪನಿಗೆ ಹೊಳೆಯಿತು. ನಾಳೆ ಬೆಳಿಗ್ಗೆ ಪರೀಕ್ಷೆ. ಮುಗಿದ ಕೂಡಲೇ ಹೋಗಬೇಕು.

ಭಾನುವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಯಲ್ಲಿ ಬಂದ ವಿಷಯ 'ಮುಂಬಯಿಯ ರಸ್ತೆಗಳಿಂದ ಟ್ರಾಮನ್ನು ತೆಗೆಯಬೇಕೆ?' ಎಂಬುದು. ಗದಿಗೆಪ್ಪ ಯಾರಿಗೂ ರೆಸ್ಪೆಕ್ಟ್‌ಫುಲಿ ಬೆಗ್ ಮಾಡಲಿಲ್ಲ. ಟ್ರಾಮ್ ಓಡುತ್ತಿರುವಾಗಲೂ ಮುದುಕರು ಹತ್ತಬಹುದು ಎಂದು ಒಂದು ಪ್ಯಾರಾ, ಅದು ರಸ್ತೆಯನ್ನೆಲ್ಲ ತನ್ನ ಸ್ವಂತ ಅಂಗಳದಂತೆ ಹಿಡಿದು ನಿಲ್ಲುತ್ತದೆ ಎಂದು ಇನ್ನೊಂದು ಪ್ಯಾರಾ. ಮೂರನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಅವನು ಹಿಂದಿನ ಸಂಜೆಯಂತೆಯೇ ಉಸಿರು ಬಿಗಿಹಿಡಿದು ಬರೆದ. ನನ್ನ ಅಭಿಪ್ರಾಯದಲ್ಲಿ ಟ್ರಾಮ್ ಇರಬೇಕು. ಕಾರಣ, ಎಂಥ ಮರೆಗುಳಿ ಕೂತರೂ ಟ್ರಾಮ್ ಅವನನ್ನು ದಹಿಸರಕ್ಕೆ ಒಯ್ಯುವುದಿಲ್ಲ. ಕೆಳಗೆ ಗೆರೆ ಎಳೆದು ಎದ್ದ. ಸಹಿ ಹಾಕುವ ಅಭ್ಯಾಸದಿಂದ ಕೈ ತುಸು ತುರಿಸಿತು, ಆದರೆ ತಡೆದುಕೊಂಡ.

ದಾದರಿನಲ್ಲಿ ಮೂರು ಜನರನ್ನು ಕೇಳಿ ಸಯನ್‌ನ ಗಾಡಿಯನ್ನೇ ಹತ್ತಿದ. ಬಸವಂತಪ್ಪನವರ ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವರು ಬಾಗಿಲು ತೆರೆದು, ಬೆರಳಿಗೆಲ್ಲ ಶಾಯಿ ಮೆತ್ತಿಕೊಂಡು ನಿಂತವನನ್ನು ನೋಡಿ, "ಯಾರು ಬೇಕಾಗಿತ್ರಿ?" ಎಂದರು. ದಿವಾನನ ಫೋಟೊಕ್ಕೂ ಈ ಮುಖಕ್ಕೂ ಏನೇನೂ ಸಂಬಂಧವಿರಲಿಲ್ಲ.

ಗದಿಗೆಪ್ಪ ಹೆಗಲ ಮೇಲಿದ್ದ ಬಿಳಿ ಟವೆಲನ್ನು ಕಿವಿಯಿಂದ ಕಿವಿಯವರೆಗೆ ಮುಖಕ್ಕೆ ಹಿಡಿದ.

"ಓಹೋ," ಎಂದರು ಬಸವಂತಪ್ಪ. "ಸಾಬಾಣದ ಯಜಮಾನ್ರು. ಬರ್‍ರಿ ಒಳಗ."

"ಗದಿಗೆಪ್ಪ ಅನ್ನಾಂವನೂ ನಾನೇ ಅದೀನ್ರಿ" ಎಂದ ಗದಿಗೆಪ್ಪ, ಟವೆಲಿನ ಒಳಗಿನಿಂದ.

ಬಸವಂತಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಒಳಗೆ ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ನಡೆದದ್ದನ್ನೆಲ್ಲ ಗದಿಗೆಪ್ಪ ಒಂದೂ ಬಿಡದೆ ಹೇಳಿದ, ಇಡ್ಲಿಯಿಂದ ಹಿಡಿದು ಕಾಶಪ್ಪನವರೆಗೆ. ಹೇಳಿ ಮುಗಿಸುವ ಹೊತ್ತಿಗೆ ಬಸವಂತಪ್ಪನವರ ಮೀಸೆ ಕುಣಿಯುತ್ತಿತ್ತು. 

"ತಮ್ಮಾ, ಒಂಬತ್ತು ಮನ್ಯಾಗ ಒಂದೇ ಮಾತು ಕೇಳಿ ನಾ ಅಂಜಿಬಿಟ್ಟಿದ್ದೆ. ಏನೋ ದೊಡ್ಡದು ಮುಚ್ಚಿಟ್ಟಾರ ಅಂತ. ಆಮ್ಯಾಲೆ ಮನಿಗೆ ಬಂದು ಕೂತು ವಿಚಾರ ಮಾಡಿದೆ. ಆ ಸಾಬಾಣದಾಂವ ಈ ಹುಡುಗನ ಪಕ್ಕಾ ವೈರಿ. ವೈರಿನೇ ಚಹಾ, ಮರೆವು ಅಂತ ಇಷ್ಟಽ ಹೇಳ್ಯಾನಂದ್ರ ಹುಡುಗ ಕೆಟ್ಟಾಂವ ಇರಾಕಿಲ್ಲ ಅಂತ. ಈಗ ನೋಡಿದ್ರ ವೈರಿನೂ ನೀನೇ." ಅವರು ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದರು. "ಆದ್ರ ನನ್ನ ಕಡೀ ಪ್ರಶ್ನೆಗೆ ನೀ ಉತ್ತರ ಕೊಟ್ಟಿಲ್ಲ. ನಿನ್ನ ಮಗಳಿದ್ರ ಅವಂಗ ಕೊಡ್ತಿದ್ದೇನು?"

"ಕೊಡ್ತಿದ್ದೆ" ಎಂದ ಗದಿಗೆಪ್ಪ.

ಹೇಳಿ ಅವನಿಗೇ ಗಾಬರಿಯಾಯಿತು. ಬಸವಂತಪ್ಪ ಏನೋ ಹೇಳಲು ಹೊರಟರು, ಅಷ್ಟರಲ್ಲಿ ರಾಚವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಫೋಟೊದಲ್ಲಿದ್ದದ್ದು ಕ್ಯಾಮೆರಾದವನ ಮೇಲಿನ ಸಿಟ್ಟಲ್ಲ, ಅವಳು ನೋಡುವುದೇ ಹಾಗೆ ಎಂದು ಗದಿಗೆಪ್ಪನಿಗೆ ತಿಳಿಯಿತು.

"ಅಪ್ಪಾ, ನಂದೂ ಒಂದು ಮಾತೈತಿ."

"ನಿನ್ನ ಯಾರು ಕೇಳ್ಯಾರ?" ಎಂದು ಒಳಗಿನಿಂದ ಅವಳ ತಾಯಿ.

"ಯಾರೂ ಕೇಳಿಲ್ಲ. ಅದಕ್ಕೇ ಹೇಳಾಕತ್ತೀನಿ." ಅವಳು ಗದಿಗೆಪ್ಪನ ಕಡೆ ತಿರುಗಿದಳು. "ಅಪ್ಪ ಬಂದು ಎಲ್ಲಾ ಹೇಳಿದ ಮ್ಯಾಲೆ ಅದನ್ನ ಎರಡು ಕಡೆ ಮಾಡಿ ಬರಕೊಂಡೇನಿ. ನೀವು ಒಂದು ತಪ್ಪು ಮಾಡೀರಿ. ಮುಂಜಾನೆ ಒಂದು ತಾಸು ಯಾರ ಕೂಡಾನೂ ಮಾತಾಡಂಗಿಲ್ಲ ಅನ್ನೂದನ್ನ ಕೆಟ್ಟದ್ದರಾಗ ಹೇಳೀರಿ. ನಾ ಅದನ್ನ ತೆಗದು ಒಳ್ಳೇದ್ರಾಗ ಹಾಕೇನಿ. ಮುಂಜಾನೆ ಎದ್ದಕೂಡ್ಲೆ ಮಾತಾಡಸಿದ್ರ ನನಗ ಸಿಟ್ಟು ಬರ್ತೈತಿ."

"ಬರ್ತೈತಿ, ಭಾಳ ಬರ್ತೈತಿ" ಎಂದಳು ತಾಯಿ, ತಡೆಯಲಾರದೆ.

"ಇನ್ನೊಂದ್ ಕಡಿಂದ ನೋಡಿದ್ರ, ನನ್ನ ರೊಟ್ಟಿ ಗುಂಡಗ ಬರಂಗಿಲ್ಲ. ಹೇಳಿದ ಮಾತು ಇನ್ನೊಮ್ಮೆ ಹೇಳಂದ್ರ ಹೇಳಂಗಿಲ್ಲ. ಇದನ್ನ ನಮ್ಮ ಓಣ್ಯಾಗ ಯಾರೂ ನಿಮಗ ಹೇಳಂಗಿಲ್ಲ, ಅದಕ್ಕ ನಾನೇ ಹೇಳೀನಿ."

ಬಸವಂತಪ್ಪ ಮಗಳನ್ನು ನೋಡಿದರು, ಗದಿಗೆಪ್ಪನನ್ನು ನೋಡಿದರು. ವ್ಯಾಪಾರಿಯ ಕೊನೆಯ ಅಸ್ತ್ರವೆಂಬಂತೆ, "ಅದಿರ್ಲಿ. ಇವತ್ತಿನ ಪರೀಕ್ಷಾ ನಪಾಸಾದ್ರ? ಮೂರನೇ ಸಲ?" ಎಂದರು.

"ಆದ್ರ ಮುಂದಿನ ವರ್ಷ ನಾ ಓದಸ್ತೀನಿ," ಎಂದಳು ರಾಚವ್ವ. "ಮ್ಯಾಟ್ರಿಕ್ಕಿನ್ಯಾಗ ನನಗ ಇಂಗ್ಲಿಷಿಗೆ ಅರವತ್ತೆಂಟು ಬಿದ್ದಾವ." ಮತ್ತೆ ಗದಿಗೆಪ್ಪನ ಕಡೆ ನೆಟ್ಟಗೆ ನೋಡಿ ಕೇಳಿದಳು. "ನಡೀತೈತೇನು?"

ಇನ್ನೊಮ್ಮೆ ಕೇಳುವವಳಲ್ಲ ಎಂದು ಅವಳು ಆಗಲೇ ಹೇಳಿದ್ದಳು.

"ನಡೀತೈತಿ" ಎಂದ ಗದಿಗೆಪ್ಪ. ಇನ್ನೊಂದು ಕಡೆಯಿಂದ ನೋಡಲು ಹೋಗಲಿಲ್ಲ.